ಕಾಗದದ ಕುಂಬಳಕಾಯಿಯನ್ನು ಮಗುವೇ ಕತ್ತರಿಸಲಿ

ಮಾನ್ಯ ಸಂಪಾದಕರೇ,

ಅಕ್ಟೋಬರ್ ತಿಂಗಳು ಬಂತೆಂದರೆ ಮೈಸೂರಿನ ಹಲವು ಶಾಲೆಗಳಲ್ಲಿ ಮಕ್ಕಳಿಗೆ ಕಾಗದದ ಕರಕುಶಲ ಕೆಲಸ ಕೊಡುವುದು ಈಗ ರೂಢಿಯಾಗಿದೆ. ದಸರಾ ರಜೆ ಮುಗಿಸಿ ಬಂದ ಮಕ್ಕಳು ದೀಪಾವಳಿಯ ಶುಭಾಶಯ ಪತ್ರವನ್ನೋ, ಎಲೆ ಉದುರುವ ಕಾಲದ ಚಿತ್ರವನ್ನೋ, ಕೆಲವು ಕಡೆ ಹ್ಯಾಲೊವೀನ್ ಹಬ್ಬದ ಕುಂಬಳಕಾಯಿ, ಬಾವಲಿಗಳನ್ನೋ ಮಾಡಿಕೊಂಡು ಹೋಗಬೇಕಾಗುತ್ತದೆ. ಮಂಡ್ಯ ಜಿಲ್ಲೆಯ ಸರ್ಕಾರಿ ಪ್ರೌಢಶಾಲೆಗಳಲ್ಲಿ ಮೂವತ್ತೊಂದು ವರ್ಷ ಚಿತ್ರಕಲಾ ಶಿಕ್ಷಕಿಯಾಗಿದ್ದು, ನಿವೃತ್ತಿಯ ನಂತರ ಮೈಸೂರಿನಲ್ಲಿ ಮಗನ ಮನೆಯಲ್ಲಿರುವ ನನಗೆ ಇದು ಸಂತೋಷದ ಸಂಗತಿಯೇ ಆಗಬೇಕಿತ್ತು. ಆದರೆ ಈ ಕೆಲಸ ನಡೆಯುತ್ತಿರುವ ಬಗೆಯನ್ನು ಹತ್ತಿರದಿಂದ ನೋಡಿದ ಮೇಲೆ, ಮುಂದಿನ ಹಬ್ಬದ ದಿನಗಳಿಗೆ ಮೊದಲೇ ಒಂದೆರಡು ಮಾತುಗಳನ್ನು ತಮ್ಮ ಪತ್ರಿಕೆಯ ಮೂಲಕ ಶಾಲೆಗಳಿಗೂ ಪೋಷಕರಿಗೂ ತಿಳಿಸಬೇಕೆನಿಸಿತು.

ಕಳೆದ ವರ್ಷ ಎರಡನೇ ತರಗತಿಯಲ್ಲಿದ್ದ ನನ್ನ ಮೊಮ್ಮಗಳ ಶಾಲೆಯಿಂದ ಒಂದು ಸಂಜೆ ವಾಟ್ಸ್‌ಆ್ಯಪ್ ಸಂದೇಶ ಬಂತು. ಮಾರನೆಯ ಬೆಳಿಗ್ಗೆ ಪ್ರತಿ ಮಗುವೂ ಒಂದು ಹ್ಯಾಲೊವೀನ್ ಅಲಂಕಾರವನ್ನೂ, ಕೈಯಿಂದಲೇ ಮಾಡಿದ ಒಂದು ಶುಭಾಶಯ ಪತ್ರವನ್ನೂ ತರಬೇಕು ಎಂದು ಅದರಲ್ಲಿತ್ತು. ಕಚೇರಿಯಿಂದ ಬರುತ್ತಿದ್ದ ಸೊಸೆ ದಾರಿಯಲ್ಲೇ ಅಂಗಡಿಗೆ ಹೋಗಿ 250 ರೂಪಾಯಿಯ ಸಿದ್ಧ ಪೊಟ್ಟಣವೊಂದನ್ನು ತಂದಳು. ಕತ್ತರಿಸಿಯೇ ಇಟ್ಟಿದ್ದ ಕಿತ್ತಳೆ ಬಣ್ಣದ ಕುಂಬಳಕಾಯಿ, ಬೆನ್ನಿಗೆ ಅಂಟು ಬಳಿದಿದ್ದ ಕಣ್ಣು ಹಲ್ಲುಗಳು, ಕಪ್ಪು ಬಾವಲಿಗಳು, ಒಳಗಿನ ಹಾರೈಕೆ ಮೊದಲೇ ಅಚ್ಚಾಗಿದ್ದ ಒಂದು ಕಾರ್ಡು ಅದರಲ್ಲಿದ್ದವು. ಮಗು ಹಿಂದಿನ ಕಾಗದವನ್ನು ಕಿತ್ತು ಕಿತ್ತು ಅಂಟಿಸಿತು. ಹತ್ತು ನಿಮಿಷದಲ್ಲಿ ಎಲ್ಲವೂ ಮುಗಿಯಿತು. ಕೊನೆಗೆ ಅವಳು, ‘ಅಜ್ಜಿ, ಕುಂಬಳಕಾಯಿಗೆ ಹಲ್ಲು ಯಾಕಿದೆ?’ ಎಂದು ಕೇಳಿದಳು. ಅದನ್ನು ಅವಳಿಗೆ ಯಾರೂ ಹೇಳಿರಲಿಲ್ಲ. ಮರುದಿನ ತರಗತಿಯ ಗೋಡೆಯ ಮೇಲೆ ತನ್ನದರಂಥದೇ ಕುಂಬಳಕಾಯಿಗಳು ಹನ್ನೊಂದು ಇದ್ದವೆಂದು ಎಣಿಸಿಕೊಂಡು ಬಂದು ಹೇಳಿದಳು. ನಾನು ತಾಯಂದಿರನ್ನಾಗಲಿ ಶಿಕ್ಷಕಿಯರನ್ನಾಗಲಿ ದೂರುವುದಿಲ್ಲ, ಏಕೆಂದರೆ ಒಂದು ರಾತ್ರಿಯ ಅವಧಿಯಲ್ಲಿ ಅದಕ್ಕಿಂತ ಹೆಚ್ಚಿನದನ್ನು ಯಾರೂ ಮಾಡಲಾರರು. ಆದರೆ ಮಗು ಕತ್ತರಿಯನ್ನೇ ಹಿಡಿಯದೆ, ತಾನು ಮಾಡುತ್ತಿರುವುದು ಏನೆಂದೂ ತಿಳಿಯದೆ ಮುಗಿಸಿದ ಕೆಲಸವನ್ನು ಕರಕುಶಲ ಎಂದು ಕರೆಯುವುದು ಸರಿಯಲ್ಲ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಹ್ಯಾಲೊವೀನ್ ಪರದೇಶದ್ದು, ಆದ್ದರಿಂದ ಅದು ಶಾಲೆಯೊಳಗೆ ಬರಕೂಡದು ಎಂದು ನಾನು ಹೇಳುತ್ತಿಲ್ಲ. ಕ್ರೈಸ್ತರು ನವೆಂಬರ್ 1ರಂದು ಸಕಲ ಸಂತರ ಹಬ್ಬವನ್ನೂ, 2ರಂದು ಮೃತರ ಸ್ಮರಣೆಯನ್ನೂ ಆಚರಿಸುತ್ತಾರೆ. ನಮ್ಮ ಊರಿನಲ್ಲೂ ಆ ದಿನ ತಮ್ಮವರ ಸಮಾಧಿಗಳಿಗೆ ಹೂವಿಟ್ಟು ಮೇಣದಬತ್ತಿ ಹಚ್ಚುವ ಕುಟುಂಬಗಳಿವೆ. ಸಂತರ ಹಬ್ಬದ ಹಿಂದಿನ ಸಂಜೆಯೇ ಹ್ಯಾಲೊವೀನ್. ಅದಕ್ಕೂ ಬಹಳ ಹಿಂದೆ ಐರ್ಲೆಂಡ್, ಸ್ಕಾಟ್ಲೆಂಡ್ ಕಡೆಯ ಕೆಲ್ಟಿಕ್ ಜನರು ಸುಗ್ಗಿ ಮುಗಿದು ಚಳಿಗಾಲ ಕಾಲಿಡುವ ಹೊತ್ತಿಗೆ ಒಂದು ಹಬ್ಬ ಮಾಡುತ್ತಿದ್ದರು, ಆ ರಾತ್ರಿ ಸತ್ತವರು ಬದುಕಿರುವವರ ನಡುವೆ ಬಂದು ಹೋಗುತ್ತಾರೆಂಬ ನಂಬಿಕೆ ಅವರಲ್ಲಿತ್ತು. ಐರ್ಲೆಂಡಿನವರು ಟರ್ನಿಪ್ ಗೆಡ್ಡೆಯ ತಿರುಳು ತೆಗೆದು, ಹೆದರಿಸುವ ಮುಖ ಕೊರೆದು, ಒಳಗೆ ದೀಪವಿಡುತ್ತಿದ್ದರು. 19ನೇ ಶತಮಾನದಲ್ಲಿ ಅವರು ಅಮೆರಿಕಕ್ಕೆ ವಲಸೆ ಹೋದಾಗ, ಗೆಡ್ಡೆಗಿಂತ ದೊಡ್ಡದೂ ಕೊರೆಯಲು ಸುಲಭವೂ ಆದ ಕುಂಬಳಕಾಯಿ ಅಲ್ಲಿ ಧಾರಾಳವಾಗಿ ಸಿಕ್ಕಿತು. ಕಾಗದ ಈ ಹಬ್ಬಕ್ಕೆ ಸೇರಿದ್ದು ಇನ್ನೂ ತಡವಾಗಿ. 20ನೇ ಶತಮಾನದ ಮೊದಲ ವರ್ಷಗಳಲ್ಲಿ ಅಮೆರಿಕದವರು ಹ್ಯಾಲೊವೀನ್ ಚಿತ್ರಗಳ ಅಂಚೆ ಕಾರ್ಡುಗಳನ್ನು ಒಬ್ಬರಿಗೊಬ್ಬರು ಕಳುಹಿಸಿಕೊಳ್ಳುತ್ತಿದ್ದರು. ಅವುಗಳಲ್ಲಿ ಬಹಳಷ್ಟು ಜರ್ಮನಿಯಲ್ಲಿ ಅಚ್ಚಾಗಿ ಬರುತ್ತಿದ್ದವು. ಮ್ಯಾಸಚೂಸೆಟ್ಸ್‌ನ ಡೆನಿಸನ್ ಎಂಬ ಕಂಪನಿ 1909ರಲ್ಲಿ, ಕ್ರೇಪ್ ಕಾಗದದಿಂದ ಹಬ್ಬದ ಅಲಂಕಾರಗಳನ್ನು ಮನೆಯಲ್ಲೇ ಮಾಡುವ ಬಗೆಯನ್ನು ತಿಳಿಸುವ ಕಿರುಪುಸ್ತಕ ಹೊರತಂದಿತು. ತನ್ನ ಕಾಗದವನ್ನು ಮಾರುವುದೇ ಆ ಕಂಪನಿಯ ಉದ್ದೇಶವಾಗಿತ್ತು, ನಿಜ. ಆದರೂ ಕತ್ತರಿಸುವ, ಮಡಿಸುವ, ಅಂಟಿಸುವ ಕೆಲಸ ಮನೆಯವರ ಕೈಯಲ್ಲೇ ಉಳಿದಿತ್ತು.

ಇಷ್ಟನ್ನು ಶಿಕ್ಷಕಿ ಐದು ನಿಮಿಷದಲ್ಲಿ ಹೇಳಬಹುದು. ಹೇಳಿದರೆ ನಮ್ಮ ಮಕ್ಕಳಿಗೆ ಅದು ತಟ್ಟನೆ ಅರ್ಥವೂ ಆಗುತ್ತದೆ, ಏಕೆಂದರೆ ಮಂಡ್ಯದ ಹಳ್ಳಿಗಳಲ್ಲಿ ಮಹಾಲಯ ಅಮಾವಾಸ್ಯೆಯ ಆಸುಪಾಸಿನಲ್ಲಿ ಗತಿಸಿದ ಹಿರಿಯರಿಗೆ ಎಡೆಯಿಡುವುದನ್ನು ಅವರು ಕಂಡಿರುತ್ತಾರೆ. ಆಯುಧಪೂಜೆಯ ದಿನ ಬೂದುಗುಂಬಳಕ್ಕೆ ತೂತು ಕೊರೆದು, ಕುಂಕುಮ ತುಂಬಿ, ವಾಹನಕ್ಕೆ ನಿವಾಳಿಸಿ ಒಡೆಯುವುದನ್ನಂತೂ ನೋಡದ ಮಗುವೇ ಇರಲಾರದು. ಮೊಮ್ಮಗಳನ್ನು ನಾನು ನಮ್ಮ ಹಿಂದಿನ ರಸ್ತೆಯಲ್ಲಿ ಕಟ್ಟುತ್ತಿದ್ದ ಮನೆಯೊಂದರ ಮುಂದಕ್ಕೆ ಕರೆದುಕೊಂಡು ಹೋಗಿ, ದೃಷ್ಟಿಯಾಗದಿರಲೆಂದು ಕಣ್ಣು, ಮೀಸೆ, ಕೋರೆಹಲ್ಲು ಬರೆದು ತೂಗುಹಾಕಿದ್ದ ಬೂದುಗುಂಬಳವನ್ನು ತೋರಿಸಿದೆ. ಮನೆಗೆ ಬಂದವಳೇ ತನ್ನ ಕಾಗದದ ಕುಂಬಳಕಾಯಿಗೆ ಸ್ಕೆಚ್ ಪೆನ್ನಿನಿಂದ ದಪ್ಪ ಮೀಸೆ ಬರೆದಳು. ಆ ಪೊಟ್ಟಣದ ಕೆಲಸದಲ್ಲಿ ಅವಳದೇ ಎನ್ನಬಹುದಾದದ್ದು ಅದೊಂದೇ.

ಎಲೆ ಉದುರುವ ಕಾಲದ ಚಿತ್ರಗಳ ಬಗ್ಗೆ ನನಗೆ ಇದಕ್ಕಿಂತ ಹೆಚ್ಚಿನ ಆಕ್ಷೇಪವಿದೆ. ಅಕ್ಟೋಬರ್‌ನಲ್ಲಿ ಕೆಂಪು, ಕಿತ್ತಳೆ ಬಣ್ಣದ ಮೇಪಲ್ ಎಲೆಗಳನ್ನು ಕತ್ತರಿಸಿ ಅಂಟಿಸಿ, ಅದರ ಕೆಳಗೆ ಶರತ್ಕಾಲ ಎಂದು ಬರೆಸುವುದು ಮಗುವಿಗೆ ತಪ್ಪು ಪಾಠ ಹೇಳಿದಂತೆ. ಶೀತ ದೇಶಗಳಲ್ಲಿ ಹಗಲು ಗಿಡ್ಡವಾಗಿ ಚಳಿ ಏರಿದಂತೆ ಎಲೆಯ ಹಸಿರು ವಸ್ತು ಕರಗಿಹೋಗುತ್ತದೆ, ಅದರಡಿ ಮರೆಯಾಗಿದ್ದ ಹಳದಿ ಬಣ್ಣ ಹೊರಗೆ ಕಾಣುತ್ತದೆ, ಕೆಲವು ಮರಗಳಲ್ಲಿ ಕೆಂಪು ಬಣ್ಣ ಹೊಸದಾಗಿ ಹುಟ್ಟುತ್ತದೆ. ನಮ್ಮಲ್ಲಿ ಆಶ್ವಯುಜ, ಕಾರ್ತಿಕ ಮಾಸಗಳೆಂದರೆ ಮುಂಗಾರು ಕಳೆದು ಎಲ್ಲೆಲ್ಲೂ ಹಸಿರು ತುಂಬಿರುವ ಕಾಲ. ಚಾಮುಂಡಿ ಬೆಟ್ಟ ಹಸಿರಾಗಿರುತ್ತದೆ, ಹೊಲದಲ್ಲಿ ಹುಚ್ಚೆಳ್ಳು ಹಳದಿ ಹೂ ಬಿಟ್ಟಿರುತ್ತದೆ, ರಾಗಿ ತೆನೆ ಕಟ್ಟಿರುತ್ತದೆ, ದೇವರಾಜ ಮಾರುಕಟ್ಟೆಯಲ್ಲಿ ಚೆಂಡುಹೂವು, ಸೇವಂತಿಗೆಯ ರಾಶಿ ಬಿದ್ದಿರುತ್ತದೆ. ಇಲ್ಲಿ ಎಲೆ ಉದುರುವುದು ಶಿಶಿರದಲ್ಲಿ. ಕಾಡುಬಾದಾಮಿಯ ಎಲೆ ಕೆಂಪಗಾಗುವುದನ್ನೂ ಹೊಂಗೆಯ ಮರ ಬೋಳಾಗಿ ಮತ್ತೆ ಚಿಗುರುವುದನ್ನೂ ಮಕ್ಕಳು ಚಳಿ ಕಳೆಯುವ ತಿಂಗಳುಗಳಲ್ಲಿ ಶಾಲೆಯ ಅಂಗಳದಲ್ಲೇ ನೋಡಬಹುದು. ಮೇಪಲ್ ಎಲೆಯನ್ನು ಮಾಡಿಸುವುದಾದರೆ ಅದು ಯಾವ ದೇಶದ್ದೆಂದು ಹೇಳಿ ಮಾಡಿಸಲಿ. ನಮ್ಮ ಶರತ್ಕಾಲವೆಂದು ಮಾಡಿಸುವುದಾದರೆ ವಿಜಯದಶಮಿಯಂದು ಪರಸ್ಪರ ಕೊಟ್ಟುಕೊಳ್ಳುವ ಬನ್ನಿಯ ಎಲೆಯನ್ನು ಮಾಡಿಸಲಿ. ಅದರ ಕಿರುಎಲೆಗಳನ್ನು ಕತ್ತರಿಸಲು ಕೈಗೂ ಕಣ್ಣಿಗೂ ಒಳ್ಳೆಯ ಅಭ್ಯಾಸವಾಗುತ್ತದೆ.

ಕೆಲಸದ ಬಗೆಯನ್ನೂ ಸ್ವಲ್ಪ ವಿವರವಾಗಿ ಹೇಳಲು ಅವಕಾಶ ಕೊಡಬೇಕು, ಏಕೆಂದರೆ ಸಮಯ ಸಾಲದು ಎಂಬ ಉತ್ತರ ನನಗೆ ಹಲವು ಸಲ ಸಿಕ್ಕಿದೆ. ಒಂದು ಚಾರ್ಟ್ ಪೇಪರಿನಿಂದ 15 ಸೆಂಟಿಮೀಟರ್ ಉದ್ದ, ಒಂದೂವರೆ ಸೆಂಟಿಮೀಟರ್ ಅಗಲದ ಹನ್ನೆರಡು ಪಟ್ಟಿಗಳನ್ನು ಕತ್ತರಿಸಿ, ಒಂದರ ಮೇಲೊಂದು ಜೋಡಿಸಿ, ಎರಡು ತುದಿಗಳಲ್ಲೂ ತೂತು ಮಾಡಬೇಕು. ತುದಿಗೆ ಗಂಟು ಹಾಕಿದ ದಾರವನ್ನು ಕೆಳಗಿನ ತೂತಿನಿಂದ ಮೇಲಿನ ತೂತಿಗೆ ಪೋಣಿಸಿ ಎಳೆದರೆ ಪಟ್ಟಿಗಳು ಬಿಲ್ಲಿನಂತೆ ಬಾಗುತ್ತವೆ. ದಾರವನ್ನು ಬಿಗಿದು ಕಟ್ಟಿ, ಪಟ್ಟಿಗಳನ್ನು ಒಂದೊಂದಾಗಿ ಸುತ್ತಲೂ ಹರಡಿದರೆ ದುಂಡನೆಯ ಕುಂಬಳಕಾಯಿ ಸಿದ್ಧವಾಗುತ್ತದೆ. ಒಂದು ತರಗತಿಯ ಅವಧಿ ಇದಕ್ಕೆ ಸಾಕು. ಕಿತ್ತಳೆ ಬಣ್ಣದಲ್ಲಿ ಮಾಡಿದರೆ ಹ್ಯಾಲೊವೀನಿಗೆ ಆಯಿತು, ಹಳದಿ ಮತ್ತು ಕೆಂಪು ಪಟ್ಟಿಗಳಲ್ಲಿ ಮಾಡಿದರೆ ಮಾರನೆಯ ದಿನದ ಕನ್ನಡ ರಾಜ್ಯೋತ್ಸವದ ತೋರಣಕ್ಕೆ ಆಯಿತು. ಅಕ್ಟೋಬರ್ 31ರ ಮರುದಿನವೇ ನಮ್ಮ ರಾಜ್ಯೋತ್ಸವವಿರುವುದನ್ನು ಶಾಲೆಗಳು ಹೇಗೆ ಮರೆಯುತ್ತವೋ ನನಗೆ ತಿಳಿಯದು. ಬಾವಲಿಗೆ ಕಪ್ಪು ಕಾಗದವನ್ನು ನಡುವೆ ಮಡಿಸಿ, ಮಡಿಕೆಗೆ ಅಂಟಿದಂತೆ ಅರ್ಧ ಬಾವಲಿಯನ್ನಷ್ಟೇ ಬರೆದು ಕತ್ತರಿಸಿದರೆ ಬಿಡಿಸಿದಾಗ ಇಡೀ ಬಾವಲಿ ಕಾಣುತ್ತದೆ. ಅದೇ ರೀತಿ ಒಂದು ತಲೆ, ಒಂದು ರೆಕ್ಕೆ, ಒಂದು ಕಾಲು ಬರೆದು ಕತ್ತರಿಸಿ ಬಿಡಿಸಿದರೆ ಗಂಡಭೇರುಂಡ! ನನ್ನ ತರಗತಿಗಳಲ್ಲಿ ಮಡಿಕೆ ಬಿಡಿಸಿದ ಆ ಕ್ಷಣದಲ್ಲಿ ಮಕ್ಕಳ ಮುಖದಲ್ಲಿ ಕಂಡ ಬೆರಗನ್ನು ಇಂದಿಗೂ ಮರೆತಿಲ್ಲ. ದೀಪಾವಳಿಯ ಆಕಾಶಬುಟ್ಟಿಗೆ ಬಿದಿರುಕಡ್ಡಿ, ದಾರ, ಗಾಳಿಪಟದ ಕಾಗದ, ಮನೆಯಲ್ಲೇ ಕಾಯಿಸಿದ ಮೈದಾ ಅಂಟು ಸಾಕು. ಹುಳು ಹಿಡಿಯದಿರಲೆಂದು ಹಿಂದೆ ಆ ಅಂಟಿಗೆ ಮೈಲುತುತ್ತ ಬೆರೆಸುವ ವಾಡಿಕೆಯಿತ್ತು, ಅದು ವಿಷವಾದ್ದರಿಂದ ಮಕ್ಕಳ ಕೈಗೆ ಬೇಡ. ಮಿನುಗುಪುಡಿಯೂ ಬೇಡ, ಅದು ಪ್ಲಾಸ್ಟಿಕ್ಕಿನ ಚೂರು, ಗುಡಿಸಿದರೂ ಹೋಗುವುದಿಲ್ಲ.

ಇನ್ನು ಶುಭಾಶಯ ಪತ್ರ. ಕಾರ್ಡನ್ನು ನೇರವಾಗಿ ಮಡಿಸುವುದೇ ಮೊದಲ ಪಾಠ. ಮರಕ್ಕಿರುವಂತೆ ಕಾಗದಕ್ಕೂ ನಾರಿನ ದಿಕ್ಕಿರುತ್ತದೆ. ಹಳೆಯ ದಿನಪತ್ರಿಕೆಯೊಂದನ್ನು ಹರಿದು ನೋಡಿದರೆ ಒಂದು ಕಡೆಗೆ ನೆಟ್ಟಗೆ, ಇನ್ನೊಂದು ಕಡೆಗೆ ಅಂಕುಡೊಂಕಾಗಿ ಹರಿಯುವುದು ಇದೇ ಕಾರಣಕ್ಕೆ. ನೆಟ್ಟಗೆ ಹರಿಯುವ ದಿಕ್ಕಿನಲ್ಲಿ ಮಡಿಸಿದರೆ ದಪ್ಪ ಹಾಳೆಯೂ ಬಿರಿಯುವುದಿಲ್ಲ. ಮಡಿಸುವ ಮೊದಲು ಅಡಿಕೋಲನ್ನಿಟ್ಟು ಶಾಯಿ ಮುಗಿದ ರೀಫಿಲ್ಲಿನಿಂದ ಒಂದು ಗೆರೆ ಒತ್ತಿಕೊಂಡರೆ ಇನ್ನೂ ಚೆನ್ನ. ಮಡಿಕೆಯ ಮೇಲೆ ಎರಡು ಸಮಾನಾಂತರ ಸೀಳು ಹಾಕಿ, ನಡುವಿನ ಭಾಗವನ್ನು ಒಳಕ್ಕೆ ತಳ್ಳಿದರೆ ಕಾರ್ಡು ತೆರೆದಾಗ ಒಂದು ಮೆಟ್ಟಿಲು ಎದ್ದು ನಿಲ್ಲುತ್ತದೆ. ಹೀಗೆ ಮೂರು ಮೆಟ್ಟಿಲು ಮಾಡಿ, ಅವುಗಳ ಮೇಲೆ ಪಟ್ಟದ ಬೊಂಬೆ, ಶೆಟ್ಟಿ-ಶೆಟ್ಟಮ್ಮರನ್ನು ಕಾಗದದಲ್ಲೇ ಕತ್ತರಿಸಿ ಕೂರಿಸಿ ಬೊಂಬೆಹಬ್ಬದ ಕಾರ್ಡು ಮಾಡಿದ ಹುಡುಗಿಯೊಬ್ಬಳು ನನ್ನ ತರಗತಿಯಲ್ಲಿದ್ದಳು. ಬೊಂಬೆ ಕೊಳ್ಳುವ ಅನುಕೂಲ ಅವಳ ಮನೆಯಲ್ಲಿರಲಿಲ್ಲ. ಅವಳು ಬಳಸಿದ್ದು ಹಳೆಯ ಲಗ್ನಪತ್ರಿಕೆಗಳನ್ನು ಮಾತ್ರ.

ಕೈಯಿಂದ ಕಾರ್ಡು ಮಾಡುವುದು ಮೈಸೂರಿಗೆ ಹೊಸದೂ ಅಲ್ಲ. ಮುಮ್ಮಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ಬೆಳೆದ ಮೈಸೂರು ಗಂಜೀಫಾ ಎಂಬ ಇಸ್ಪೀಟಿನಂಥ ಆಟದ ಎಲೆಗಳು ಅಂಗೈಯಗಲದ ದುಂಡು ಹಾಳೆಗಳ ಮೇಲೆ ಕುಂಚದಿಂದ ಬರೆದವು. ದಶಾವತಾರದ ಒಂದು ಕಟ್ಟಿನಲ್ಲಿ ಅವತಾರಕ್ಕೆ ಹನ್ನೆರಡರಂತೆ 120 ಎಲೆಗಳು, ಅಷ್ಟೂ ಚಿತ್ರಗಳು ಕೈಯವೇ. ಭೌಗೋಳಿಕ ಸೂಚಿಕೆಯ (ಜಿಐ) ಮಾನ್ಯತೆ ಪಡೆದಿರುವ ಆ ಕಲೆಯ ಊರಿನಲ್ಲಿ, ಮಕ್ಕಳು ಒಂದು ದುಂಡು ಕಾರ್ಡು ಕತ್ತರಿಸಿ, ಅಂಚಿಗೆ ಬಳ್ಳಿ ಬರೆದು, ನಡುವೆ ತಮಗಿಷ್ಟವಾದ ಆನೆಯನ್ನೋ ಹೂವನ್ನೋ ಬಿಡಿಸಿ, ಹಿಂಬದಿಯಲ್ಲಿ ತಮ್ಮದೇ ಮಾತಿನಲ್ಲಿ ನಾಲ್ಕು ಸಾಲು ಬರೆಯುವುದು ಎಷ್ಟು ಉಚಿತವಾದ ಕೆಲಸ! ಆ ಕಾರ್ಡು ಗೋಡೆಯ ಮೇಲೆ ಎರಡು ದಿನವಿದ್ದು ಕಸದ ಬುಟ್ಟಿ ಸೇರಬಾರದು. ಲಕೋಟೆಗೆ ಹಾಕಿ, ವಿಳಾಸವನ್ನು ಮಗುವಿನಿಂದಲೇ ಬರೆಸಿ, ಊರಿನಲ್ಲಿರುವ ಅಜ್ಜ-ಅಜ್ಜಿಗೋ ಅತ್ತೆಗೋ ಅಂಚೆಯಲ್ಲಿ ಹೋಗಬೇಕು. ತಮ್ಮ ಮನೆಯ ಪಿನ್‌ಕೋಡ್ ಗೊತ್ತಿಲ್ಲದ ಏಳನೇ ತರಗತಿಯ ಮಕ್ಕಳನ್ನು ನಾನು ಕಂಡಿದ್ದೇನೆ.

ಆದ್ದರಿಂದ ಶಾಲೆಗಳಲ್ಲಿ ನನ್ನ ವಿನಂತಿಯೆಂದರೆ, ಈ ಕೆಲಸವನ್ನು ಮನೆಗೆ ಕಳುಹಿಸದೆ ತರಗತಿಯಲ್ಲೇ ಮಾಡಿಸಬೇಕು. ಮೊಂಡು ತುದಿಯ ಕತ್ತರಿ, ಕಾಗದ, ಅಂಟನ್ನು ಶಾಲೆಯೇ ಒದಗಿಸಬೇಕು. ಸಿದ್ಧ ಪೊಟ್ಟಣಗಳನ್ನು ತರಕೂಡದೆಂದು ಪೋಷಕರಿಗೆ ಸ್ಪಷ್ಟವಾಗಿ ತಿಳಿಸಬೇಕು. ಬಾವಲಿಯ ರೆಕ್ಕೆ ಸೊಟ್ಟಗಾಗಿದ್ದರೆ ಅದನ್ನು ದೊಡ್ಡವರು ತಿದ್ದದೆ ಹಾಗೆಯೇ ಗೋಡೆಗೆ ಹಾಕಬೇಕು. ಮಕ್ಕಳ ದಸರಾ ಕಾರ್ಯಕ್ರಮಗಳನ್ನು ನಡೆಸುವವರು ಒಂದು ಬೆಳಗಿನ ಹೊತ್ತನ್ನು ಸ್ಥಳದಲ್ಲೇ ಕಾರ್ಡು ಮಾಡಿ, ಅಲ್ಲೇ ಅಂಚೆ ಪೆಟ್ಟಿಗೆಗೆ ಹಾಕುವುದಕ್ಕೆಂದು ಮೀಸಲಿಟ್ಟರೆ ಹೆಚ್ಚಿನ ವೆಚ್ಚವೇನೂ ಆಗದು.

ತಮ್ಮ ಪತ್ರಿಕೆಯಲ್ಲಿಯೂ ಒಂದು ಕೋರಿಕೆ ಇದೆ. ದಸರಾ ರಜೆ ಆರಂಭವಾಗುವ ಮೊದಲಿನ ಭಾನುವಾರದ ಪುರವಣಿಯಲ್ಲಿ ಕಾಲು ಪುಟವನ್ನು ಮಕ್ಕಳ ಕತ್ತರಿಗೆಂದು ಬಿಟ್ಟುಕೊಟ್ಟು, ಅಲ್ಲಿ ಬಣ್ಣವಿಲ್ಲದ ಅರ್ಧ ಗಂಡಭೇರುಂಡವನ್ನೂ ಮಡಿಸಬೇಕಾದ ಚುಕ್ಕಿಗೆರೆಯನ್ನೂ ಮಾತ್ರ ಅಚ್ಚು ಹಾಕಬೇಕು. ಸುದ್ದಿ ಕಾಗದ ತೆಳುವಾದ್ದರಿಂದ ಅದನ್ನು ಹಳೆಯ ಲಗ್ನಪತ್ರಿಕೆಯ ಮೇಲೆ ಅಂಟಿಸಿಕೊಂಡು ಕತ್ತರಿಸುವಂತೆ ಒಂದು ಸಾಲಿನ ಸೂಚನೆ ಜೊತೆಗಿರಲಿ. ತಾವು ಒಪ್ಪುವುದಾದರೆ ಆ ರೇಖಾಚಿತ್ರವನ್ನು ನಾನೇ ಬರೆದು ಅಂಚೆಯಲ್ಲಿ ಕಳುಹಿಸಿಕೊಡುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಚಿತ್ರಕಲಾ ಶಿಕ್ಷಕಿ
ಸರಸ್ವತಿಪುರಂ, ಮೈಸೂರು