ಮಗುವಿನ ಜೊತೆ ಹಾಡಬೇಡ

ತೀರ್ಥಹಳ್ಳಿ

ಪ್ರೀತಿಯ ಪುಟ್ಟಿ,

ಶಿವಮೊಗ್ಗದ ಮನೆಯಲ್ಲಿ ಮಕ್ಕಳಿಗೆ ಸಂಗೀತ ಪಾಠ ಶುರು ಮಾಡುತ್ತೇನೆ ಅಂದೆಯಲ್ಲ, ತುಂಬಾ ಖುಷಿಯಾಯಿತು. ಪಾಠ ಹೇಳಿಕೊಡುವುದರಲ್ಲಿ ನಾನು ಗಟ್ಟಿಯಾಗಿ ನಂಬಿಕೊಂಡು ಬಂದದ್ದು ಒಂದಿದೆ. ಮಗು ಹಾಡುವಾಗ ಜೊತೆಗೆ ನೀನು ಹಾಡಬೇಡ.

ನೀನು ಹಾಡು, ಮಗು ಕೇಳಲಿ. ಆಮೇಲೆ ಮಗು ಹಾಡಲಿ, ನೀನು ಕೇಳು. ಇಬ್ಬರೂ ಒಟ್ಟಿಗೆ ಹಾಡಿದರೆ ಅದರ ದನಿ ನಿನ್ನ ದನಿಯಲ್ಲಿ ಮುಚ್ಚಿಹೋಗುತ್ತದೆ. ಪಾಠ ಚೆನ್ನಾಗಿ ಆಯಿತು ಅನ್ನಿಸುತ್ತದೆ. ಮನೆಗೆ ಹೋಗಿ ಒಬ್ಬಳೇ ಕೂತರೆ ಷಡ್ಜವೇ, ಅಂದರೆ ಮೊದಲ ಸ್ವರ ಸ-ವೇ ಸಿಗುವುದಿಲ್ಲ.

ಮಾಯಾಮಾಳವಗೌಳ ರಾಗದಿಂದ ಪಾಠ ಶುರು ಮಾಡುವ ಪದ್ಧತಿ ಪುರಂದರದಾಸರದ್ದು ಅಂತ ನಾವೆಲ್ಲ ಕಲಿತದ್ದು. ಅವರು ನಮ್ಮ ತೀರ್ಥಹಳ್ಳಿ ಹತ್ತಿರದ ಆರಗದ ಕಡೆಯವರು ಅಂತ ಕೆಲವು ಸಂಶೋಧಕರು ಹೇಳಿದ ಮೇಲೆ ನನಗಂತೂ ಆ ರಾಗದ ಮೇಲೆ ಪ್ರೀತಿ ಇನ್ನೂ ಜಾಸ್ತಿಯಾಗಿದೆ. ಸ ರಿ ಗ ಮ ಹಾಡಿಸಿ ನಿಲ್ಲಿಸು. ಆಮೇಲೆ ಪ ಧ ನಿ ಸ ಹಾಡಿಸು. ಸ-ರಿ ಎಷ್ಟು ಹತ್ತಿರವೋ ಪ-ಧ ಅಷ್ಟೇ ಹತ್ತಿರ. ರಿಯಿಂದ ಗಕ್ಕೆ ಎಷ್ಟು ದೂರವೋ ಧದಿಂದ ನಿಗೂ ಅಷ್ಟೇ. ಆದರೆ ಇದನ್ನು ನೀನು ಬಾಯಿಬಿಟ್ಟು ಹೇಳಬೇಡ. "ಎರಡೂ ಒಂದೇ ಥರ ಇದೆ ಅಲ್ವಾ ಟೀಚರ್?" ಅಂತ ಮಗುವೇ ಕೇಳುವವರೆಗೆ ಕಾದಿರು. ಆವತ್ತು ಅದರ ಮುಖ ನೋಡಬೇಕು!

ಈ ರಾಗದ ರಿ, ಅಂದರೆ ಶುದ್ಧ ರಿಷಭ, ಸಕ್ಕೆ ಅಂಟಿಕೊಂಡಂತೆ ಇರುವುದರಿಂದ ಮಕ್ಕಳು ಅದನ್ನು ಮೇಲಕ್ಕೆ ಎಳೆದುಬಿಡುತ್ತಾರೆ. "ತಪ್ಪು" ಅನ್ನಬೇಡ. ತಂಬೂರಿ ಮೀಟುತ್ತಾ ಸ ಹಿಡಿಸು, ನಿಧಾನಕ್ಕೆ ರಿಗೆ ಬರಲಿ. "ಸರಿಯಾಯ್ತಾ?" ಅಂತ ಅದನ್ನೇ ಕೇಳು. ಇನ್ನು, ಈ ಮಗುವಿಗೆ ಕಂಠವಿಲ್ಲ ಅನ್ನುವವರ ಮಾತು ದಯವಿಟ್ಟು ಕಿವಿಗೆ ಹಾಕಿಕೊಳ್ಳಬೇಡ. ಎಷ್ಟೋ ಸಲ ನಾವು ಇಟ್ಟ ಶ್ರುತಿ, ಅಂದರೆ ಹಾಡಿಗೆ ಆಧಾರವಾದ ಸ-ದ ಎತ್ತರ, ಅದರ ದನಿಗೆ ತಗ್ಗಾಗಿರುತ್ತದೆ, ಅಷ್ಟೇ. ಸ್ವಲ್ಪ ಏರಿಸಿ ನೋಡು.

ಜೋರು ಮಳೆ ಶೀಟಿನ ಮೇಲೆ ಬಡಿಯುವಾಗ ತಂಬೂರಿ ಕೇಳಿಸುವುದಿಲ್ಲ. ಅಂಥ ದಿನ ಹಾಡಿಸಬೇಡ, ಮಕ್ಕಳು ಕಿರುಚುತ್ತಾರೆ. ತಾಳ ಹಾಕಿಸು. ಆದಿತಾಳಕ್ಕೆ ಒಂದು ಪೆಟ್ಟು, ಮೂರು ಬೆರಳು, ಮತ್ತೆ ಪೆಟ್ಟು-ಹುಸಿ, ಪೆಟ್ಟು-ಹುಸಿ (ಹುಸಿ ಅಂದರೆ ಅಂಗೈ ಮೇಲೆ ಮಾಡುವುದು). ಒಂದನೇ ಕಾಲದಿಂದ ಎರಡನೇ ಕಾಲಕ್ಕೆ, ಅಂದರೆ ಎರಡರಷ್ಟು ವೇಗಕ್ಕೆ, ಹೋದಾಗ ಬಾಯಿ ಓಡಿದರೂ ಕೈ ಓಡಬಾರದು. ಇದಕ್ಕೇ ಒಂದು ಇಡೀ ಮಳೆಗಾಲ ಕೊಟ್ಟರೂ ನಷ್ಟವಿಲ್ಲ.

"ಇನ್ನೂ ಒಂದು ಹಾಡೂ ಬಂದಿಲ್ಲವಾ?" ಅಂತ ಅಪ್ಪ ಅಮ್ಮಂದಿರು ಕೇಳಿಯೇ ಕೇಳುತ್ತಾರೆ. ಸ್ಕೂಲ್ ಡೇ, ಸಂಗೀತದ ಜೂನಿಯರ್ ಪರೀಕ್ಷೆ ಅಂತ ಅವಸರ ಮಾಡುತ್ತಾರೆ. ಬೇಜಾರು ಮಾಡಿಕೊಳ್ಳಬೇಡ. ಒಂದು ದಿನ ಅವರನ್ನೂ ಪಾಠಕ್ಕೆ ಕೂರಿಸು. ಮಗು ಒಬ್ಬಳೇ ಜಂಟಿ ವರಸೆ (ಸಸ ರಿರಿ ಅಂತ ಸ್ವರಗಳನ್ನು ಜೋಡಿಯಾಗಿ ಹಾಡುವ ಪಾಠ) ಹಾಡುವುದನ್ನು ಪೂರ್ತಿ ಕೇಳಿಕೊಂಡು ಹೋಗಲಿ.

ನನ್ನ ತಂಬೂರಿಗೆ ಹೊಸ ತಂತಿ ಹಾಕಿಸಿದ್ದೇನೆ. ಭಾನುವಾರ ಅಪ್ಪ ತಂದುಕೊಡುತ್ತಾರೆ. ಎಲೆಕ್ಟ್ರಾನಿಕ್ ಶ್ರುತಿ ಪೆಟ್ಟಿಗೆ ಇರಲಿ, ಆದರೆ ದೊಡ್ಡ ಮಕ್ಕಳಿಗೆ ತಂಬೂರಿ ಶ್ರುತಿ ಮಾಡುವುದನ್ನೂ ಕಲಿಸು. ತಂತಿ ಹರಿದರೆ ಹರಿಯಲಿ, ಬೇರೆ ತಂತಿಯನ್ನೂ ಚೀಲದಲ್ಲಿ ಇಟ್ಟಿದ್ದೇನೆ.

ನಿನ್ನ
ಅಮ್ಮ