ಸೀನ, ನಿನ್ನ ಗೋಡೆಗೆ ಚಿತ್ರ ಇಲ್ಲ ಕಣೋ

ಸೀನ,

ಹೊಸ ಮನೆಯ ಹಾಲ್‌ಗೆ ನನ್ನದೊಂದು ವಾಟರ್‌ಕಲರ್ ಬೇಕು, ಫ್ರೇಮ್ ಖರ್ಚು ನನ್ನದು ಅಂತ ಬರೆದಿದ್ದೀಯ. ನೀನು ಖರ್ಚು ಕೊಡುವುದು ಅಂದರೆ ಛತ್ರಿ ಮೇಷ್ಟ್ರ ಕಥೆಯೇ ಆಯಿತು. (ಓದುತ್ತಿರುವ ಉಳಿದವರಿಗೆ ಇದು ಅರ್ಥವಾಗದಿದ್ದರೆ ನೀವು ಪುಣ್ಯವಂತರು.) ಆದರೆ ಕೊಡುವುದಕ್ಕೆ ಚಿತ್ರವೇ ಇಲ್ಲ. ವಾರವಾರ ಪೋಸ್ಟ್ ಮಾಡುತ್ತೀಯಲ್ಲ, ಅವೆಲ್ಲ ಎಲ್ಲಿ ಹೋದವು ಅಂತ ಕೇಳೇ ಕೇಳುತ್ತೀಯ, ಅದಕ್ಕೇ ಹೇಳಿಬಿಡುತ್ತೇನೆ.

ಮೊದಲು ನಾನು ಬಳಸುತ್ತಿದ್ದದ್ದು ಒರಟು ಮೈಯ ಕೋಲ್ಡ್ ಪ್ರೆಸ್ ಕಾಗದ, 300 ಜಿಎಸ್‌ಎಂನ ದಪ್ಪದ್ದು. ಅದರ ತಗ್ಗುಗಳಲ್ಲಿ ಅಲ್ಟ್ರಾಮರೀನ್ ನೀಲಿ ಕಣಕಣವಾಗಿ ಕೂರುತ್ತದೆ, ನಮ್ಮ ಕೈ ತಪ್ಪಿದ್ದನ್ನು ಕಾಗದವೇ ಅಷ್ಟಿಷ್ಟು ಮುಚ್ಚಿಕೊಳ್ಳುತ್ತದೆ. ಆಮೇಲೆ ನುಣುಪಿನ ಹುಚ್ಚು ಹಿಡಿಯಿತು. ಹಾಟ್ ಪ್ರೆಸ್‌ಗೆ ಬಂದೆ. ಅದರಲ್ಲಿ ಬ್ರಶ್ ಅನುಮಾನಪಟ್ಟ ಜಾಗವೆಲ್ಲ ಕಾಣುತ್ತದೆ. ಅರ್ಧ ಒಣಗಿದ ವಾಶ್, ಅಂದರೆ ತೆಳು ಬಣ್ಣದ ಪದರದ ಮೇಲೆ ನೀರು ಒಂದು ಹನಿ ಜಾಸ್ತಿ ಬಿತ್ತೋ, ಬಣ್ಣವನ್ನೆಲ್ಲ ಅಂಚಿಗೆ ತಳ್ಳಿ ಹೂಕೋಸಿನಂಥ ಕಲೆ ಅರಳಿಸಿಬಿಡುತ್ತದೆ.

ಅಲ್ಲಿಗೂ ನಿಲ್ಲಲಿಲ್ಲ, ಯೂಪೊಗೆ ಹೋದೆ. ಹೆಸರಿಗೆ ಕಾಗದ, ಅಸಲಿಗೆ ಪಾಲಿಪ್ರೊಪಿಲೀನ್, ಪ್ಲಾಸ್ಟಿಕ್ಕು. ನೀರು ಹೀರುವುದೇ ಇಲ್ಲ. ಬೆರಳಿನ ಜಿಡ್ಡು ಅಂಟಿದ ಕಡೆ ಬಣ್ಣ ನಿಲ್ಲುವುದಿಲ್ಲ, ಹಾಗಾಗಿ ಬೋಂಡಾ ತಿಂದ ಕೈಯಲ್ಲಿ ಮುಟ್ಟುವಂತಿಲ್ಲ, ಮೊದಲು ಸೋಪಿನ ನೀರಲ್ಲಿ ಒರೆಸಿಕೊಳ್ಳಬೇಕು. ನೀರು ತಾನಾಗಿ ಆರಿದರಷ್ಟೇ ಒಣಗುವುದು, ಬೆಂಗಳೂರಿನ ಜುಲೈನಲ್ಲಿ ಕಾದು ಕಾದು ಸಾಕಾಗುತ್ತದೆ, ಫ್ಯಾನ್ ಹಾಕಿದರೆ ಬಣ್ಣ ಪಕ್ಕಕ್ಕೆ ಓಡುತ್ತದೆ. ಆದರೆ ಹಸಿರು, ನೀಲಿ ಒಂದರೊಳಗೊಂದು ಹರಿಯುವುದಿದೆಯಲ್ಲ, ಕಬ್ಬನ್ ಪಾರ್ಕಿನ ಮಳೆಗಾಲದ ಮರಗಳು ಅರ್ಧಕ್ಕರ್ಧ ಅವೇ ಆಗಿಬಿಡುತ್ತವೆ. ಉಳಿದದ್ದು ಎತ್ತುವ ಕೆಲಸ. ಒಣಗಿದ ಮೇಲೆ ಒದ್ದೆ ಬ್ರಶ್ಶೋ ಇಯರ್‌ಬಡ್ಡೋ ಆಡಿಸಿದರೆ ಕೊಂಬೆಗಳ ಮಧ್ಯೆ ಬೆಳಕು ಬರುತ್ತದೆ, ಬಿಳಿ ಜಾಗವನ್ನು ಮೊದಲೇ ಕಾಪಾಡಿಕೊಳ್ಳುವ ಗೋಳಿಲ್ಲ. ಪದರದ ಮೇಲೆ ಪದರ ಹಾಕಲು ಹೋದರೆ ಮಾತ್ರ ಕೆಳಗಿನದೂ ಎದ್ದು ಬರುತ್ತದೆ.

ಮತ್ತೆ, ಪೂರ್ತಿ ಒರೆಸಬಹುದು. ಒಣಗಿದ ಚಿತ್ರದ ಮೇಲೆ ಒದ್ದೆ ಬಟ್ಟೆ ಎಳೆದರೆ ಹಾಳೆ ಬಿಳಿ. ಉಳಿಸಿಕೊಳ್ಳಬೇಕಾದರೆ ಫಿಕ್ಸೇಟಿವ್ ಸ್ಪ್ರೇ ಹೊಡೆದು ಗಾಜು ಹಾಕಿಸಬೇಕು. ಸ್ಪ್ರೇ ತಂದಿಟ್ಟಿದ್ದೇನೆ. ಸೀಲ್ ಒಡೆದಿಲ್ಲ.

ಬಿಡಿಸುತ್ತೇನೆ, ಫೋಟೊ ತೆಗೆದು ಹಾಕುತ್ತೇನೆ, ಒರೆಸುತ್ತೇನೆ. ಹಾಳೆ ದುಬಾರಿ ಅಂತ ನನಗೆ ನಾನೇ ಹೇಳಿಕೊಂಡಿದ್ದೆ. ಮೊನ್ನೆ ಹೊಳೆಯಿತು, ಬಿಡಿಸುವಾಗಲೇ ನಾನು ಒರೆಸುವುದಕ್ಕೆ ಕಾಯುತ್ತಿರುತ್ತೇನೆ. ಗೋಡೆಗೆ ಹಾಕಿದರೆ ನಾನು ನಿಮ್ಮ ಮನೆಗೆ ಊಟಕ್ಕೆ ಬಂದಾಗಲೆಲ್ಲ ಅದು ಎದುರಿಗಿರುತ್ತದೆ, ಇಷ್ಟೇನಾ ನೀನು ಅಂತ. ಕಸ್ತೂರಬಾ ರಸ್ತೆಯ ಗ್ಯಾಲರಿಯಲ್ಲಿ ಕಲಾವಿದ ಕೆ. ವೆಂಕಟಪ್ಪನವರ ಊಟಿ ಚಿತ್ರಗಳ ಮುಂದೆ ನಿಂತಿದ್ದೆವಲ್ಲ, ಅವರು ಹೋದದ್ದು 1965ರಲ್ಲಿ, ನಾವು ಇನ್ನೂ ಆ ಮಂಜನ್ನು ನೋಡಿ ಅದು ಸರಿ ಇದು ಸರಿಯಿಲ್ಲ ಅಂತ ಮಾತಾಡುತ್ತಿದ್ದೆವು. ನನಗೆ ಅದನ್ನು ನೆನೆದರೇ ಕೈ ಬೆವರುತ್ತದೆ.

ಇನ್ನೊಂದು ವಿಷಯ, ಇಲ್ಲಿ ಬರೆಯಬೇಕು ಅಂದುಕೊಂಡಿರಲಿಲ್ಲ. ನಿಮ್ಮ ಬಸವನಗುಡಿ ಮನೆಯ ಜಗಲಿ ಬಿಡಿಸಿದ್ದೆ. ನಿಮ್ಮಮ್ಮ ಹೂ ಕಟ್ಟುತ್ತಾ ಕೂತಿದ್ದರು. ಚೆನ್ನಾಗಿ ಬಂದಿತ್ತು ಕಣೋ, ಆ ಕತ್ತು ವಾಲಿಸುವುದು ಥೇಟ್ ಅವರದೇ. ಅದರ ಫೋಟೊ ಕೂಡ ತೆಗೆಯಲಿಲ್ಲ. ನಿನಗೆ ಕಳಿಸಿದರೆ ನೀನು ಫೋನ್ ಮಾಡುತ್ತೀಯ, ಫೋನ್ ಮಾಡಿದರೆ ಅವರು ಆಸ್ಪತ್ರೆಯಲ್ಲಿದ್ದಾಗ ನಾನು ಯಾಕೆ ಬರಲಿಲ್ಲ ಅನ್ನುವ ಮಾತು ಇವತ್ತಲ್ಲ ನಾಳೆ ಬರುತ್ತದೆ, ನೀನು ಕೇಳದಿದ್ದರೂ ಬರುತ್ತದೆ. ಒರೆಸಿಬಿಟ್ಟೆ.

ಕಿಟಕಿಗೆ ಹಾಕಿದ್ದ ಥ್ಯಾಲೊ ನೀಲಿ ಮಾತ್ರ ಹಟಮಾರಿ, ಯೂಪೊ ಮೇಲೂ ಕಲೆ ಬಿಡುತ್ತದೆ. ಈಗ ಅದರ ಮೇಲೆ ಒಂದು ಆಟೊ ನಿಲ್ಲಿಸಿದ್ದೇನೆ. ಬೆಂಗಳೂರಲ್ಲಿ ನೀಲಿ ಆಟೊ ಎಲ್ಲಿದೆ ಸಾರ್ ಅಂತ ಒಬ್ಬರು ಜಗಳಕ್ಕೇ ಬಂದರು. ಕರೆದ ಕಡೆಗೆ ಮೀಟರ್ ಹಾಕಿಕೊಂಡು ಬರುವ ಆಟೊ ಸ್ವಾಮಿ, ಕಲ್ಪನೆ, ಅಂದೆ.

ಸಾಕು, ಸುಮ್ನೆ ಜಾಸ್ತಿ ಆಯಿತು. ಜನವರಿಯಲ್ಲಿ ಚಿತ್ರಸಂತೆಗೆ ಬಾ, ಕುಮಾರಕೃಪಾ ರಸ್ತೆಯಲ್ಲಿ ಯಾರದ್ದಾದರೂ ಒಳ್ಳೆಯ ಚಿತ್ರ ತೆಗೆದುಕೋ. ಚೌಕಾಸಿ ನಾನು ಮಾಡುತ್ತೇನೆ, ಕಲಾವಿದರ ಹೊಟ್ಟೆ ಮೇಲೆ ಹೊಡೆಯುವುದು ಇನ್ನೊಬ್ಬ ಕಲಾವಿದನಿಗೇ ಚೆನ್ನಾಗಿ ಗೊತ್ತಲ್ವಾ. ನನ್ನ ಸಹಿಯೂ ಬೇಕೇ ಬೇಕು ಅಂದರೆ ಫ್ರೇಮಿನ ಹಿಂದೆ ಹಾಕಿಕೊಡುತ್ತೇನೆ, ಪೆನ್ಸಿಲ್‌ನಲ್ಲಿ.

ನಿನ್ನವ