ಹುಲ್ಲುಗಾವಲಿಗೆ ಬೇಲಿ ಹಾಕಿದರೆ ಮಣ್ಣಿನ ಇಂಗಾಲ ಉಳಿಯುವುದೇ?

ಸಂಪಾದಕರಿಗೆ,

ಮಾನ್ಯರೇ,

ಗೋಮಾಳ, ಹುಲ್ಲುಗಾವಲುಗಳಿಗೆ ಬೇಲಿ ಹಾಕಿ ಕುರಿ-ದನಗಳನ್ನು ಪೂರ್ತಿಯಾಗಿ ಹೊರಗಿಟ್ಟರೆ ಮಣ್ಣಿನಲ್ಲಿ ಹೆಚ್ಚು ಇಂಗಾಲ ಸಂಗ್ರಹವಾಗುತ್ತದೆ, ಹವಾಮಾನಕ್ಕೂ ಒಳಿತಾಗುತ್ತದೆ ಎಂಬ ಅಭಿಪ್ರಾಯ ನಿಮ್ಮ ಓದುಗರ ಅಂಕಣದಲ್ಲಿ ಈಚೆಗೆ ಕಾಣಿಸುತ್ತಿದೆ. ಪುಣೆಯಲ್ಲಿ ನೆಲೆಸಿ, ಈ ಜಿಲ್ಲೆಯ ಪೂರ್ವದ ಬಯಲುಗಳನ್ನು ಬಹುಕಾಲದಿಂದ ನೋಡುತ್ತ ಬಂದಿರುವ ಕನ್ನಡಿಗನಾದ ನನಗೆ, ಈ ಮಾತನ್ನು ಹಾಗೆಯೇ ಒಪ್ಪಿಬಿಡುವುದು ಮಣ್ಣಿಗೂ ಪಶುಪಾಲಕರಿಗೂ ಹಾನಿ ಎನ್ನಿಸಿದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ಮೇಲ್ನೋಟಕ್ಕೆ ವಾದ ಸರಳ. ದನ ತಿಂದಷ್ಟು ಹುಲ್ಲು ಮಣ್ಣಿಗೆ ಸೇರುವುದು ತಪ್ಪುತ್ತದೆ, ಆದ್ದರಿಂದ ದನವನ್ನು ತಡೆದರೆ ಇಂಗಾಲ ಉಳಿಯುತ್ತದೆ. ಆದರೆ ಹುಲ್ಲುಗಾವಲಿನ ಇಂಗಾಲದ ಬಹುಪಾಲು ಕಣ್ಣಿಗೆ ಕಾಣುವ ಹುಲ್ಲಿನಲ್ಲಿಲ್ಲ. ಬೇರುಗಳಲ್ಲಿ, ಬೇರುಗಳು ಕೊಳೆತು ಸೂಕ್ಷ್ಮಜೀವಿಗಳ ದೇಹದ ಮೂಲಕ ಹಾದು ಜೇಡಿಮಣ್ಣಿನ ಕಣಗಳಿಗೆ ಅಂಟಿಕೊಂಡ ಸಾವಯವ ವಸ್ತುವಿನಲ್ಲಿದೆ. ಮೇಯಿಸದೆ ಬಿಟ್ಟ ಹುಲ್ಲು ನಮ್ಮ ಕಡೆ ಚಳಿಗಾಲ ಮುಗಿಯುವ ಮೊದಲೇ ನಿಂತಲ್ಲೇ ಒಣಗುತ್ತದೆ. ಬೆಂಕಿ ಬಿದ್ದರೆ ಮೇಲಿನದೆಲ್ಲ ಒಂದೇ ಮಧ್ಯಾಹ್ನದಲ್ಲಿ ಗಾಳಿಗೆ ಸೇರಿಹೋಗುತ್ತದೆ. ಮೇಯುವ ಪ್ರಾಣಿ ಅದೇ ಹುಲ್ಲಿನ ಒಂದು ಪಾಲನ್ನು ಸಗಣಿ, ಹಿಕ್ಕೆ, ಗಂಜಲಗಳಾಗಿ ನೆಲಕ್ಕೆ ಹಿಂದಿರುಗಿಸುತ್ತದೆ, ಜೊತೆಗೆ ಗಿಡಕ್ಕೂ ಸೂಕ್ಷ್ಮಜೀವಿಗಳಿಗೂ ಬೇಗ ಒದಗುವ ಸಾರಜನಕವನ್ನೂ ಕೊಡುತ್ತದೆ. ಹಾಗೆಂದು ಮೇಯಿಸಿದಷ್ಟೂ ಒಳ್ಳೆಯದೆಂದಲ್ಲ. ಮತ್ತೆ ಚಿಗುರುವಷ್ಟು ಬಿಡುವು ಸಿಗದ ಹುಲ್ಲಿನ ಬೇರು ಸೊರಗುತ್ತದೆ, ನೆಲ ಬೋಳಾಗುತ್ತದೆ, ಮಳೆನೀರು ಮೇಲ್ಮಣ್ಣನ್ನೂ ಅದರಲ್ಲಿದ್ದ ಇಂಗಾಲವನ್ನೂ ಒಟ್ಟಿಗೆ ಕೊಚ್ಚಿಕೊಂಡು ಹೋಗುತ್ತದೆ.

ನಮ್ಮ ದೇಶದಲ್ಲೇ ನಡೆದ ದೀರ್ಘಕಾಲದ ಅಧ್ಯಯನವೊಂದನ್ನು ಇಲ್ಲಿ ನೆನೆಯಲೇಬೇಕು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಸುಮಂತ ಬಾಗ್ಚಿ ಮತ್ತು ಸಂಗಡಿಗರು ಹಿಮಾಚಲ ಪ್ರದೇಶದ ಸ್ಪಿತಿಯಲ್ಲಿ, ಬೇಲಿ ಹಾಕಿ ಪ್ರಾಣಿಗಳನ್ನು ತಡೆದ ತುಂಡು ನೆಲಗಳಿಂದಲೂ ಅವುಗಳ ಪಕ್ಕದಲ್ಲೇ ಯಾಕ್, ಐಬೆಕ್ಸ್ ಎಂಬ ಕಾಡುಮೇಕೆಗಳಂಥ ಪ್ರಾಣಿಗಳು ಮೇಯುವ ತೆರೆದ ನೆಲಗಳಿಂದಲೂ 16 ವರ್ಷಗಳ ಅವಧಿಯ ಮಾಹಿತಿ ಕಲೆಹಾಕಿ, 2022ರಲ್ಲಿ ಫಲಿತಾಂಶ ಪ್ರಕಟಿಸಿದರು. ಬೇಲಿಯೊಳಗಿನ ಮಣ್ಣಿನ ಇಂಗಾಲ ವರ್ಷದಿಂದ ವರ್ಷಕ್ಕೆ ಏರಿಳಿಯುವ ಪ್ರಮಾಣ ತೆರೆದ ನೆಲದಲ್ಲಿದ್ದುದಕ್ಕಿಂತ ಶೇ 30ರಿಂದ 40ರಷ್ಟು ಹೆಚ್ಚಾಗಿತ್ತು. ಅದರ ಹಿಂದೆ ಮುಖ್ಯವಾಗಿ ಕೆಲಸ ಮಾಡಿದ್ದು ಸಾರಜನಕ. ಇಂಗಾಲವನ್ನು ಮಣ್ಣಿನಲ್ಲಿ ಇಡುವುದರ ಉದ್ದೇಶವೇ ಅದು ಬಹುಕಾಲ ಅಲ್ಲಿ ನಿಲ್ಲಲಿ ಎಂಬುದು. ಒಂದು ವರ್ಷ ತುಂಬಿ ಮರುವರ್ಷ ಬರಿದಾಗುವ ಕಣಜವನ್ನು ನಂಬಿ ಯಾರೂ ಸಂಸಾರ ನಡೆಸುವುದಿಲ್ಲ. ಬೇಲಿ ಹಾಕಿದ ಮೊದಲ ಒಂದೆರಡು ಮಳೆಗಾಲದಲ್ಲಿ ಕಾಣುವ ಹಸಿರನ್ನು ಅಳೆದು ಯೋಜನೆ ಯಶಸ್ವಿಯಾಯಿತೆಂದು ಘೋಷಿಸುವವರು ಈ ಏರಿಳಿತವನ್ನು ಲೆಕ್ಕಕ್ಕೇ ತೆಗೆದುಕೊಂಡಿರುವುದಿಲ್ಲ.

ಸ್ಪಿತಿಯ ಶೀತ ಮರುಭೂಮಿಯ ಉತ್ತರವನ್ನು ದಖ್ಖನಿನ ಬಯಲಿಗೆ ನೇರವಾಗಿ ಅನ್ವಯಿಸಲಾಗದು ಎಂಬುದೂ ನಿಜ. ಜಗತ್ತಿನ ಹಲವೆಡೆಯ ಅಧ್ಯಯನಗಳನ್ನು ಒಟ್ಟುಗೂಡಿಸಿ 2013ರಲ್ಲಿ ಪ್ರಕಟವಾದ ವಿಶ್ಲೇಷಣೆಯೊಂದರಲ್ಲಿ, ಬಿಸಿಲಿನಿಂದ ಆಹಾರ ತಯಾರಿಸುವ ವಿಧಾನದ ಮೇಲೆ ವಿಂಗಡಿಸಿದ ಹುಲ್ಲುಗಳಲ್ಲಿ ಬಿಸಿ ಸೀಮೆಗೆ ಒಗ್ಗಿದ ಸಿ-4 ವರ್ಗದವೇ ಹೆಚ್ಚಿರುವ ನೆಲದಲ್ಲಿ ಮೇಯಿಸುವಿಕೆ ಹೆಚ್ಚಿದಾಗ ಮಣ್ಣಿನ ಇಂಗಾಲ ಶೇ 6-7ರಷ್ಟು ಏರಿದ್ದೂ, ತಂಪು ಸೀಮೆಯ ಸಿ-3 ಹುಲ್ಲಿನ ನೆಲದಲ್ಲಿ ಸರಾಸರಿ ಶೇ 18ರಷ್ಟು ಇಳಿದದ್ದೂ ಕಂಡುಬಂದಿತು. ವರ್ಷಕ್ಕೆ 500 ಮಿಲಿಮೀಟರ್ ಆಸುಪಾಸು ಮಳೆ ಬೀಳುವ ಬಾರಾಮತಿ, ಇಂದಾಪುರ ತಾಲ್ಲೂಕುಗಳ ಕುಸಳಿ, ಮಾರ್ವೇಲ್ ಹುಲ್ಲುಗಳು ಸಿ-4 ವರ್ಗಕ್ಕೆ ಸೇರಿದವು. ಇದರಿಂದ ಇಲ್ಲಿ ಇಂಗಾಲ ಏರಿಯೇ ತೀರುತ್ತದೆ ಎಂದು ನಾನು ವಾದಿಸುವುದಿಲ್ಲ. ಬೇಲಿ ಹಾಕಿದರೆ ಏರಿಯೇ ತೀರುತ್ತದೆ ಎನ್ನುವುದಕ್ಕೆ ಮಾತ್ರ ಆಧಾರವಿಲ್ಲ.

ಬೇಲಿಯ ಪರವಾಗಿ ಹೇಳಬೇಕಾದ್ದನ್ನೂ ಹೇಳಬೇಕು. ಇಥಿಯೋಪಿಯಾದ ಟಿಗ್ರೇ ಪ್ರಾಂತದಲ್ಲಿ ಅತಿಯಾಗಿ ಮೇಯಿಸಿ ಹಾಳಾದ ಗುಡ್ಡಗಳನ್ನು ಮುಚ್ಚಿದಾಗ ಮಣ್ಣಿನ ಇಂಗಾಲ ಹೆಚ್ಚಿತು. ನಮ್ಮ ನೆರೆಯ ಅಹಿಲ್ಯಾನಗರ ಜಿಲ್ಲೆಯ ಹಿವರೆ ಬಾಜಾರದಲ್ಲಿ ಗ್ರಾಮಸ್ಥರೇ ಒಪ್ಪಿ ಮುಕ್ತ ಮೇಯಿಸುವಿಕೆಯನ್ನು ನಿಲ್ಲಿಸಿ, ಹುಲ್ಲನ್ನು ಕೊಯ್ದು ತಂದು ಹಾಕುವ ಪದ್ಧತಿಗೆ ಬಂದರು. ಮೇವೂ ಹಾಲೂ ಹೆಚ್ಚಿದವು. ನೆಲ ಸೋತಾಗ ವಿಶ್ರಾಂತಿ ಬೇಕೇ ಬೇಕು. ಆದರೆ ವಿಶ್ರಾಂತಿ ಬೇರೆ, ಕಾಯಂ ನಿಷೇಧ ಬೇರೆ. ಮೈಸೂರು ಸಂಸ್ಥಾನದಲ್ಲಿ ಅಮೃತಮಹಲ್ ದನಗಳ ಮೇವಿಗೆ ಮೀಸಲಾದ ಕಾವಲುಗಳನ್ನು ಬೇಸಿಗೆಯವು, ಮಳೆಗಾಲದವು, ಚಳಿಗಾಲದವು ಎಂದು ವಿಂಗಡಿಸಿ ದನಗಳನ್ನು ಸರದಿಯಂತೆ ಹೊಡೆದೊಯ್ಯುತ್ತಿದ್ದರು. ಒಂದು ಕಾವಲು ಮೇಯುವಾಗ ಉಳಿದವು ಚೇತರಿಸಿಕೊಳ್ಳುತ್ತಿದ್ದವು. ದೀಪಾವಳಿ ಕಳೆದ ಮೇಲೆ ಕೊಂಕಣಕ್ಕೆ ಇಳಿದು ಮುಂಗಾರಿನ ಹೊತ್ತಿಗೆ ಮತ್ತೆ ಪ್ರಸ್ಥಭೂಮಿಗೆ ಏರುವ ಇಲ್ಲಿನ ಕುರಿಗಾಹಿ ಧನಗರರ ಹಿಂಡುಗಳ ಸಂಚಾರದಲ್ಲಿಯೂ ಅಂಥದೇ ಬಿಡುವು ಅಡಗಿದೆ. ಅವರ ದಾರಿಯ ಒಂದು ಬಯಲನ್ನು ಮುಚ್ಚಿದರೆ ಕುರಿಗಳು ಮಾಯವಾಗುವುದಿಲ್ಲ, ಪಕ್ಕದ ಬಯಲಿನ ಮೇಲೆ ಇಮ್ಮಡಿ ಭಾರ ಬೀಳುತ್ತದೆ. ಬೇಲಿಯೊಳಗೆ ಗಳಿಸಿದ ಇಂಗಾಲವನ್ನು ಮಾತ್ರ ಬರೆದಿಟ್ಟು, ಬೇಲಿಯಾಚೆ ಕಳೆದುಕೊಂಡದ್ದನ್ನು ಬಿಟ್ಟರೆ ಅದನ್ನು ಲೆಕ್ಕವೆನ್ನಲಾಗದು.

ಹಿಂಡುಗಳಿಂದ ತೊಂದರೆಯೇ ಇಲ್ಲವೆಂದೂ ಅಲ್ಲ. ಮೆಲುಕು ಹಾಕುವ ಪ್ರಾಣಿಗಳಿಂದ ಹೊರಬೀಳುವ, ವಾತಾವರಣದ ಬಿಸಿಯೇರಿಸುವ ಮೀಥೇನ್ ಅನಿಲವನ್ನು ಮಣ್ಣಿನ ಇಂಗಾಲ ಪೂರ್ತಿ ಸರಿದೂಗಿಸುತ್ತದೆ ಎಂದು ಭಾವಿಸಬಾರದು. ಇನ್ನೊಂದು ಸಂಗತಿಗೆ ನಮ್ಮಲ್ಲಿ ಇನ್ನೂ ಸಾಕಷ್ಟು ಗಮನ ಸಿಕ್ಕಿಲ್ಲ: ಸ್ಪಿತಿಯ ಅದೇ ತಂಡ 2023ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸಾಕುಪ್ರಾಣಿಗಳು ಮೇಯುವ ನೆಲದಲ್ಲಿ ಕಾಡುಪ್ರಾಣಿಗಳು ಮೇಯುವ ನೆಲಕ್ಕಿಂತ ಇಂಗಾಲ ಕಡಿಮೆಯಿತ್ತು, ಮತ್ತು ಅದಕ್ಕೆ ಒಂದು ಕಾರಣವಾಗಿ ಅವರು ಗುರುತಿಸಿದ್ದು ಸಾಕುಪ್ರಾಣಿಗಳಿಗೆ ಕೊಡುವ ಟೆಟ್ರಾಸೈಕ್ಲಿನ್‌ನಂಥ ಆ್ಯಂಟಿಬಯೋಟಿಕ್‌ಗಳು ಸಗಣಿ-ಗಂಜಲದ ಮೂಲಕ ಮಣ್ಣಿಗೆ ಸೇರಿ ಅಲ್ಲಿನ ಸೂಕ್ಷ್ಮಜೀವಿಗಳನ್ನು ಬದಲಿಸುವುದನ್ನು. ಹಾಗಾದರೆ ಸರಿಪಡಿಸಬೇಕಾದದ್ದು ಔಷಧದ ಬಳಕೆಯನ್ನು. ಪಶುವೈದ್ಯರ ಸಲಹೆಯಿಲ್ಲದೆ ಇಂಥ ಔಷಧ ಕೈಗೆ ಸಿಗದಂತೆ ಮಾಡುವುದು ಬೇಲಿಗಿಂತ ಕಡಿಮೆ ಖರ್ಚಿನ ಕೆಲಸ.

2005ರಿಂದ 2015ರವರೆಗಿನ ದಶಕದಲ್ಲಿ ದೇಶದ ಹುಲ್ಲುಗಾವಲಿನ ಶೇ 31ರಷ್ಟು, ಅಂದರೆ ಸುಮಾರು 56 ಲಕ್ಷ ಹೆಕ್ಟೇರ್, ಕಡಿಮೆಯಾಯಿತೆಂದು 2019ರಲ್ಲಿ ಭಾರತವೇ ವಿಶ್ವಸಂಸ್ಥೆಯ ಮರುಭೂಮೀಕರಣ ತಡೆ ಒಪ್ಪಂದದ ವೇದಿಕೆಗೆ ತಿಳಿಸಿತ್ತು. ಉಳಿದಿರುವ ಬಯಲುಗಳಲ್ಲಿ ಸುಪೆಯ ಮಯೂರೇಶ್ವರ ಅಭಯಾರಣ್ಯದ ಚಿಂಕಾರಗಳಿವೆ, ತೋಳಗಳಿವೆ, ಕುರಿಗಾಹಿಗಳ ಬದುಕಿದೆ. ಮಹಾರಾಷ್ಟ್ರ, ಕರ್ನಾಟಕ ಎರಡೂ ರಾಜ್ಯಗಳ ಅರಣ್ಯ ಇಲಾಖೆಗಳಿಗೆ ನನ್ನ ವಿನಂತಿ ಇಷ್ಟು: ಮೇಯಿಸುವುದನ್ನು ಕಾಯಂ ಆಗಿ ನಿಲ್ಲಿಸುವ ಯಾವುದೇ ಆದೇಶಕ್ಕೆ ಮೊದಲು ಬೇಲಿಯೊಳಗಿನ ಮತ್ತು ಹೊರಗಿನ ಮಣ್ಣನ್ನು ಕನಿಷ್ಠ 30 ಸೆಂಟಿಮೀಟರ್ ಆಳದವರೆಗೆ, ಮಳೆ ಬಂದ ವರ್ಷ ಬರಗಾಲದ ವರ್ಷ ಎರಡರಲ್ಲೂ ಅಳೆಯಲಿ, ಸೋತ ನೆಲವನ್ನು ಅವಧಿ ಗೊತ್ತುಮಾಡಿ ಮುಚ್ಚಲಿ, ಯಾವ ಬಯಲು ಯಾವ ತಿಂಗಳು ತೆರೆಯಬೇಕೆಂಬುದನ್ನು ಧನಗರರನ್ನೂ ಕುರುಬರನ್ನೂ ಕೂರಿಸಿಕೊಂಡೇ ತೀರ್ಮಾನಿಸಲಿ.

ತಮ್ಮ ವಿಶ್ವಾಸಿ,
ಒಬ್ಬ ಓದುಗ
ಹಡಪಸರ, ಪುಣೆ